ನಿಮಗಿದು ಗೊತ್ತೇ? ಒಂದು ಮೇಜು, ಎರಡು ಮಾನಿಟರ್

ಕೊಯಮತ್ತೂರಿನ ಗಾಂಧಿಪುರದಿಂದ ಮೈಸೂರು ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಗಣಪತಿ ಬಡಾವಣೆ ಸಿಗುತ್ತದೆ. ಅಲ್ಲಿಯವರು ಸತ್ತಿ ರೋಡ್ ಎನ್ನುವ ಈ ರಸ್ತೆಯೇ ಮುಂದೆ ಅನ್ನೂರು, ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರಕ್ಕೆ ಬರುತ್ತದೆ. ಗಣಪತಿಯ ಸಂದುಗೊಂದಿಗಳಲ್ಲಿ ಲೇತ್ ವರ್ಕ್‌ಶಾಪುಗಳು, ಫೌಂಡ್ರಿಗಳು. ಸ್ವಲ್ಪ ಮುಂದಕ್ಕೆ ಹೋದರೆ ಸರವಣಂಪಟ್ಟಿಯ ಐಟಿ ಪಾರ್ಕುಗಳು. ಹಾಗಾಗಿ ಇಲ್ಲಿನ ಬಾಡಿಗೆ ಮನೆಗಳ ಮೇಜಿನ ಮೇಲೆ ಎರಡು ಮಾನಿಟರ್ ಬಂದು ಕೂತಿರುವುದಕ್ಕೆ ಕಾರಣವೂ ಎರಡು. ಒಬ್ಬರು ಮನೆಯಿಂದಲೇ ಕಂಪನಿ ಕೆಲಸ ಮಾಡುವವರು, ಇನ್ನೊಬ್ಬರು ವರ್ಕ್‌ಶಾಪಿಗೆ ಡ್ರಾಯಿಂಗ್ ಹಾಕಿಕೊಡುವವರು.

ಎರಡನೆಯ ಮಾನಿಟರ್ ಯಾರಿಗೆ ನಿಜವಾಗಿ ಬೇಕು? ಒಂದನ್ನು ನೋಡಿಕೊಂಡು ಇನ್ನೊಂದನ್ನು ಮಾಡುವವರಿಗೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರನ್ನೇ ನೋಡಿ. ಎಡಗಡೆ ಬಿಡಿಭಾಗದ ಡ್ರಾಯಿಂಗ್, ಬಲಗಡೆ ಪ್ರೋಗ್ರಾಮಿನ ಸಾಲುಗಳು. ಡ್ರಾಯಿಂಗಿನಲ್ಲಿ 12.05 ಎಂದಿದ್ದದ್ದು ಪ್ರೋಗ್ರಾಮಿನಲ್ಲಿ 12.50 ಆದರೆ ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ, ಆದರೆ ಆ ಲಾಟ್ ಪೂರ್ತಿ ರಿಜೆಕ್ಟ್ ಆಗಲು ಅಷ್ಟು ಸಾಕು. ಒಂದೇ ಪರದೆಯಲ್ಲಿ ಕಿಟಕಿ ಮುಚ್ಚಿ ತೆಗೆದು ಮಾಡುವಾಗ ಅಂಕಿಯನ್ನು ನೆನಪಿನಲ್ಲಿ ಹೊತ್ತು ತರಬೇಕು. ತಪ್ಪು ಆಗುವುದೇ ಆ ಕ್ಷಣದಲ್ಲಿ. ಎರಡು ಪರದೆ ಅಕ್ಕಪಕ್ಕ, ಒಂದೇ ಮಟ್ಟದಲ್ಲಿದ್ದರೆ ಅಂಕಿ ಕಣ್ಣಿನಿಂದ ಕೈಗೆ ನೇರವಾಗಿ ಬರುತ್ತದೆ. ಅನುವಾದಕರಿಗೂ, ಲೆಕ್ಕಪತ್ರ ಬರೆಯುವವರಿಗೂ, ಪ್ರೂಫ್ ನೋಡುವವರಿಗೂ ಇದೇ ಮಾತು. ಓದುವುದೊಂದೇ ಕೆಲಸವಾದರೆ ಒಂದು ಒಳ್ಳೆಯ ಮಾನಿಟರೇ ಸಾಕು.

ಕೊಯಮತ್ತೂರು ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರಿದ್ದಾರೆ. ಅವರ ಜಕಾರ್ಡ್ ಮಗ್ಗಕ್ಕೂ ನಿಮ್ಮ ಮಾನಿಟರಿಗೂ ನಂಟಿದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ತಯಾರಿಸಿದ ಮಗ್ಗದಲ್ಲಿ ರಟ್ಟಿನ ಕಾರ್ಡಿನ ತೂತು ಇದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಸೆರಗಿನ ವಿನ್ಯಾಸವನ್ನು ಚೌಕಳಿ ಹಾಳೆಯಲ್ಲಿ ಬರೆದು, ಬಣ್ಣ ತುಂಬಿದ ಒಂದೊಂದು ಚೌಕಕ್ಕೆ ಒಂದೊಂದು ತೂತು ಹೊಡೆಯುತ್ತಿದ್ದರು. ಈಗ ಆ ಚೌಕಳಿ ಕಂಪ್ಯೂಟರಿಗೆ ಬಂದಿದೆ. ಎಳೆ ಎತ್ತುವ 480 ಹುಕ್ಕುಗಳ ಜಕಾರ್ಡಿನ ವಿನ್ಯಾಸವನ್ನು 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಪೂರ್ತಿ ತೆರೆದರೆ ಒಂದು ಹುಕ್ಕಿಗೆ ಸಿಗುವುದು ಸರಿಯಾಗಿ 4 ಪಿಕ್ಸೆಲ್. ಅದರಲ್ಲಿ ಒಂದು ಚೌಕದ ಗೆರೆಗೇ ಹೋಗುತ್ತದೆ. ಚೌಕ ಚೌಕವಾಗಿ ತಿದ್ದಲು ಅಷ್ಟು ಸಾಲದು, ಹಿಗ್ಗಿಸಿಕೊಳ್ಳಬೇಕು; ಹಿಗ್ಗಿಸಿದರೆ ಸೀರೆ ಕಾಣುವುದಿಲ್ಲ. ಒಂದರಲ್ಲಿ ಚೌಕ, ಇನ್ನೊಂದರಲ್ಲಿ ಪೂರ್ತಿ ಸೆರಗು ಇಟ್ಟುಕೊಂಡು ಕೂರುವ ವಿನ್ಯಾಸಕಾರರಿಗೆ ಎರಡನೆಯ ಪರದೆ ಐಷಾರಾಮವಲ್ಲ.

ಮನೆ ಕಂಪ್ಯೂಟರಿಗೆ ಎರಡು ಮಾನಿಟರ್ ಇತ್ತೀಚಿನ ಸಂಗತಿ ಎಂದುಕೊಂಡಿದ್ದೀರಾ? 1981ರಲ್ಲಿ ಬಂದ ಐಬಿಎಂ ಪಿಸಿಗೇ ಎರಡನ್ನು ಹಾಕಬಹುದಿತ್ತು. ಅಕ್ಷರ ತೋರಿಸುವ ಕಪ್ಪು-ಹಸಿರು ಪರದೆಯ ಕಾರ್ಡೂ ಬಣ್ಣದ ಪರದೆಯ ಕಾರ್ಡೂ ಕಂಪ್ಯೂಟರಿನ ಮೆಮೊರಿಯಲ್ಲಿ ಬೇರೆ ಬೇರೆ ಜಾಗ ಬಳಸುತ್ತಿದ್ದವು, ಆದ್ದರಿಂದ ಒಂದಕ್ಕೊಂದು ಅಡ್ಡ ಬರುತ್ತಿರಲಿಲ್ಲ. ಲೋಟಸ್ 1-2-3 ಬಳಸುವವರು ಒಂದರಲ್ಲಿ ಅಂಕಿ, ಇನ್ನೊಂದರಲ್ಲಿ ಗ್ರಾಫ್ ನೋಡುತ್ತಿದ್ದರು. ಆಟೋಕ್ಯಾಡ್‌ನವರು ಒಂದರಲ್ಲಿ ಆಜ್ಞೆ ಬರೆದು ಇನ್ನೊಂದರಲ್ಲಿ ಚಿತ್ರ ನೋಡುತ್ತಿದ್ದರು.

1987ರ ಮ್ಯಾಕಿಂಟಾಷ್ 2 ಕಂಪ್ಯೂಟರಿಗೆ ಆರು ಮಾನಿಟರ್ ಸೇರಿಸಬಹುದಿತ್ತು.

ವಿಂಡೋಸ್‌ನ ಮನೆಬಳಕೆಯ ಆವೃತ್ತಿಗಳಲ್ಲಿ ಈ ಸೌಲಭ್ಯ ಮೊದಲು ಬಂದದ್ದು ವಿಂಡೋಸ್ 98ರಲ್ಲಿ. ಒಟ್ಟು ಒಂಬತ್ತು ಪರದೆಗಳವರೆಗೆ ಅವಕಾಶವಿತ್ತು. ಆದರೆ ಆಗ ಮೇಜಿನ ಮೇಲೆ ಜಾಗವೆಲ್ಲಿತ್ತು? ಗಾಜಿನ ಕೊಳವೆಯ ಆ ಮಾನಿಟರುಗಳು ಅಗಲಕ್ಕೆ ಎಷ್ಟೋ ಹಿಂದಕ್ಕೂ ಅಷ್ಟೇ ಚಾಚಿರುತ್ತಿದ್ದವು. ಎರಡು ಪರದೆಯನ್ನು ಮನೆಯೊಳಗೆ ತಂದದ್ದು ತೆಳ್ಳನೆಯ ಎಲ್‌ಸಿಡಿ.

ಆ ಎಲ್‌ಸಿಡಿಯ ಮೂಲ ಇರುವುದು ಕ್ಯಾರೆಟ್ಟಿನಲ್ಲಿ! 1888ರಲ್ಲಿ ಫ್ರೀಡ್ರಿಖ್ ರೈನಿಟ್ಸರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದರು. ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ಮತ್ತೊಮ್ಮೆ ಕರಗಿದಂತಾಗಿ ತಿಳಿಯಾಯಿತು. ನಡುವಿನ ಆ ಮಬ್ಬು ಸ್ಥಿತಿಗೇ ದ್ರವಸ್ಫಟಿಕ ಎಂದು ಹೆಸರು ಬಂತು.

ಈ ಕಥೆಯಲ್ಲಿ ನಮ್ಮ ಮೈಸೂರು, ಬೆಂಗಳೂರುಗಳಿಗೆ ದೊಡ್ಡ ಪಾತ್ರವಿದೆ ಎಂಬುದು ಬಹಳ ಮಂದಿಗೆ ತಿಳಿಯದು. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದು, ಮಾನಸಗಂಗೋತ್ರಿಯಲ್ಲಿ ದ್ರವಸ್ಫಟಿಕಗಳ ಅಧ್ಯಯನ ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿಯವರೆಗೆ ಗೊತ್ತಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯಂತೆ ಉದ್ದ. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು, ನಾಣ್ಯ ಪೇರಿಸಿಟ್ಟಂತೆ ಕಂಬಕಂಬವಾಗಿ ನಿಲ್ಲಬಲ್ಲವು ಎಂದು ತೋರಿಸಿದರು. ಆ ಪ್ರಬಂಧ ಅಚ್ಚಾದದ್ದೂ ನಮ್ಮ ದೇಶದ ‘ಪ್ರಮಾಣ’ ಪತ್ರಿಕೆಯಲ್ಲೇ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇದೇ ಜಾತಿಯ ಬಿಲ್ಲೆ ಅಣುಗಳಿಂದ ಒಂದು ತೆಳು ಹಾಳೆ ಮಾಡಿತು. ಓರೆಯಿಂದ ನೋಡಿದರೆ ಬಣ್ಣಗೆಡುತ್ತಿದ್ದ ಅಗ್ಗದ ಎಲ್‌ಸಿಡಿ ಪರದೆಗೆ ಅದನ್ನು ಅಂಟಿಸಿದಾಗ ಪಕ್ಕದಿಂದಲೂ ಚಿತ್ರ ಸರಿಯಾಗಿ ಕಾಣತೊಡಗಿತು. ಎರಡು ಮಾನಿಟರಿನ ಮೇಜಿನಲ್ಲಿ ಒಂದನ್ನಾದರೂ ನಾವು ಓರೆಯಿಂದಲೇ ನೋಡುವುದು. ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ಪ್ರಯೋಗಾಲಯದಲ್ಲಿ ಕಂಡ ಸಂಗತಿಯೊಂದು ಜಗತ್ತಿನ ಮೇಜುಗಳ ಮೇಲೆ ಹೀಗೆ ಕೂತಿದೆ. ಶಾಲೆಯ ಪಠ್ಯದಲ್ಲಿ ಇದು ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಗ ಕೊಳ್ಳುವವರು ಓರೆಯಿಂದಲೂ ಬಣ್ಣಗೆಡದ, ಐಪಿಎಸ್ ಎಂದು ಬರೆದಿರುವ ಪರದೆಯನ್ನೇ ಕೇಳಿ. ಟಿಎನ್ ಎಂಬ ಆ ಅಗ್ಗದ ಜಾತಿಯ ಪರದೆಯನ್ನು ನಿಲುವಾಗಿ ತಿರುಗಿಸಿ ಇಟ್ಟರೆ ಅದರ ಮೇಲೆ-ಕೆಳಗಿನ ದೋಷ ಎಡ-ಬಲಕ್ಕೆ ಬರುತ್ತದೆ; ನಿಮ್ಮ ಎರಡು ಕಣ್ಣಿಗೆ ಎರಡು ಛಾಯೆ ಕಾಣುತ್ತದೆ.

24 ಇಂಚಿನ ಮಾನಿಟರ್ ಎಂದರೆ ಅಗಲ 24 ಇಂಚಲ್ಲ. ಅದು ಮೂಲೆಯಿಂದ ಮೂಲೆಗೆ ಅಳತೆ. ಪರದೆಯ ಅಗಲ 53 ಸೆಂ.ಮೀ., ಎತ್ತರ ಸುಮಾರು 30 ಸೆಂ.ಮೀ. ನಾಲ್ಕು ಅಡಿಯ ಮೇಜು 122 ಸೆಂ.ಮೀ. ಇರುತ್ತದೆ, ಎರಡು ಇಟ್ಟು ನೀರಿನ ಬಾಟಲಿಗೂ ಜಾಗ ಉಳಿಯುತ್ತದೆ. 27 ಇಂಚಿನವಾದರೆ ಒಂದೊಂದೂ 60 ಸೆಂ.ಮೀ., ಮೇಜು ಈ ತುದಿಯಿಂದ ಆ ತುದಿಗೆ ಭರ್ತಿ.

34 ಇಂಚಿನ ಒಂದೇ ಅಗಲ ಪರದೆಗಿಂತ 24 ಇಂಚಿನ ಎರಡು ಪರದೆಯ ಒಟ್ಟು ವಿಸ್ತೀರ್ಣವೇ ಸುಮಾರು ಶೇಕಡಾ 20ರಷ್ಟು ಹೆಚ್ಚು.

43 ಇಂಚಿನ ಒಂದು 4ಕೆ ಪರದೆ ಎಂದರೆ 21.5 ಇಂಚಿನ ನಾಲ್ಕು ಫುಲ್ ಎಚ್‌ಡಿ (1920 ಪಿಕ್ಸೆಲ್ ಅಗಲದ) ಪರದೆಗಳನ್ನು ಅಂಚಿಲ್ಲದೆ ಜೋಡಿಸಿದ ಹಾಗೆ. ಪಿಕ್ಸೆಲ್ ಲೆಕ್ಕವೂ ಅಷ್ಟೇ, ಅಳತೆಯೂ ಅಷ್ಟೇ.

ಕನ್ನಡ ಓದುವವರು, ಬರೆಯುವವರು ಗಮನಿಸಬೇಕಾದ ಮಾತು ಇದು. ಫುಲ್ ಎಚ್‌ಡಿಯನ್ನು 24 ಇಂಚಿನಲ್ಲಿ ಕೊಂಡರೆ ಇಂಚಿಗೆ 92 ಚುಕ್ಕಿ. ಅದೇ ಫುಲ್ ಎಚ್‌ಡಿಯನ್ನು 27 ಇಂಚಿನಲ್ಲಿ ಕೊಂಡರೆ 82ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ನಡೆದೀತು. ನಮ್ಮ ಒತ್ತಕ್ಷರ ಕಡಿಮೆ ಚುಕ್ಕಿಗಳಲ್ಲಿ ಕಲಸಿಹೋಗುತ್ತದೆ. ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದು ಅಂಗಡಿಯಲ್ಲೇ ನೋಡಿ. ಕೆಳಗಿನ ಒತ್ತು ಮಸಿ ಮೆತ್ತಿದಂತೆ ಕಂಡರೆ ಆ ಪರದೆ ಪ್ರೂಫ್ ಕೆಲಸಕ್ಕೆ ಬೇಡ. 27 ಇಂಚೇ ಬೇಕೆಂದರೆ 2560 ಪಿಕ್ಸೆಲ್ ಅಗಲದ್ದು ಕೊಳ್ಳಿ, ಇಂಚಿಗೆ 109 ಚುಕ್ಕಿ ಬರುತ್ತದೆ.

ಮಾನಿಟರನ್ನು ನಿಲುವಾಗಿ ತಿರುಗಿಸಿದಾಗ ಅಕ್ಷರದ ಅಂಚಿನಲ್ಲಿ ಬಣ್ಣ ಕಾಣುವುದೇಕೆ? ಪ್ರತಿ ಪಿಕ್ಸೆಲ್ಲಿನಲ್ಲೂ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ಇರುತ್ತವೆ. ವಿಂಡೋಸ್‌ನ ಕ್ಲಿಯರ್‌ಟೈಪ್ ತಂತ್ರ ಆ ಪಟ್ಟಿಗಳನ್ನೇ ಬಳಸಿ ಅಕ್ಷರ ನಯ ಮಾಡುತ್ತದೆ. ಪರದೆ ತಿರುಗಿದಾಗ ಪಟ್ಟಿಗಳು ಮೇಲೆ-ಕೆಳಗಾಗುತ್ತವೆ, ಲೆಕ್ಕ ತಪ್ಪುತ್ತದೆ.

24 ಇಂಚಿನ ಎರಡು ಮಾನಿಟರನ್ನು ಗೋಡೆಗೆ ಸಮನಾಗಿ ನೇರ ಸಾಲಿನಲ್ಲಿ ಇಡುವುದು ನೋಡಲು ಚೆಂದ, ಕಣ್ಣಿಗೆ ಕಷ್ಟ. ನೀವು ನಡುವಿನಿಂದ 60 ಸೆಂ.ಮೀ. ದೂರ ಕೂತಿದ್ದೀರಿ ಎನ್ನಿ. ಹೊರ ಅಂಚು ನಿಮ್ಮ ಕಣ್ಣಿನಿಂದ 80 ಸೆಂ.ಮೀ. ಆಚೆ ಇರುತ್ತದೆ. ಪ್ರತಿ ಸಲ ಅತ್ತಿತ್ತ ನೋಡಿದಾಗಲೂ ಕಣ್ಣು ಆ 20 ಸೆಂ.ಮೀ.ಗೆ ಹೊಂದಿಕೊಳ್ಳಬೇಕು. ಒಂದೊಂದನ್ನೂ 24 ಡಿಗ್ರಿಯಷ್ಟು ಒಳಕ್ಕೆ ತಿರುಗಿಸಿ, ತೆರೆದ ಪುಸ್ತಕದಂತೆ ಇಟ್ಟರೆ ದೂರ 55ರಿಂದ 62 ಸೆಂ.ಮೀ. ಒಳಗೇ ಇರುತ್ತದೆ. ಖರ್ಚಿಲ್ಲದ ಕೆಲಸ, ಇವತ್ತೇ ಮಾಡಬಹುದು.

ದಿನವಿಡೀ ಒಂದನ್ನೇ ಹೆಚ್ಚು ನೋಡುವವರಾದರೆ ಇಬ್ಭಾಗ ಬೇಡ. ಮುಖ್ಯವಾದುದು ಮೂಗಿನ ನೇರಕ್ಕೆ, ಇನ್ನೊಂದು ಪಕ್ಕಕ್ಕೆ. ಕತ್ತು ನೋವೆಂದು ಹೇಳುವವರ ಮೇಜು ನೋಡಿದರೆ ಬಹಳ ಸಲ ಎರಡು ಮಾನಿಟರಿನ ನಡುವಿನ ಸಂದು ಎದುರಿಗಿರುತ್ತದೆ, ಕೆಲಸವೆಲ್ಲ ಬಲಗಡೆ ನಡೆಯುತ್ತಿರುತ್ತದೆ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೇ ಸ್ವಲ್ಪ ಕೆಳಗೆ ಇರಬೇಕು ಎಂಬುದು ಸಾಮಾನ್ಯ ನಿಯಮ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದವರಿಗೆ ಈ ನಿಯಮ ಹೊಂದುವುದಿಲ್ಲ. ಅವರು ಹತ್ತಿರದ್ದನ್ನು ಗಾಜಿನ ಕೆಳಭಾಗದಿಂದ ನೋಡುವವರು. ಮಾನಿಟರ್ ಎತ್ತರದಲ್ಲಿದ್ದರೆ ಗಲ್ಲ ಮೇಲೆತ್ತಿಯೇ ಕೂರಬೇಕಾಗುತ್ತದೆ. ಅಂಥವರ ಮಾನಿಟರನ್ನು ಇನ್ನೂ ತಗ್ಗಿಸಿ, ತುಸು ಹಿಂದಕ್ಕೆ ಬಾಗಿಸಿ. ಮನೆಯಲ್ಲಿ ಅಪ್ಪನೂ ಮಗಳೂ ಒಂದೇ ಮೇಜು ಬಳಸುವುದಾದರೆ ಎತ್ತರ ಬದಲಿಸುವ ಸ್ಟ್ಯಾಂಡಿಗೆ ಕೊಡುವ ಹಣ ಸಾರ್ಥಕ.

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ, ಕಣ್ಣು ಉರಿಯಲು ಅದೇ ಕಾರಣ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಯ ಏನನ್ನಾದರೂ 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಮೇಜನ್ನು ಕಿಟಕಿಗೆ ಅಡ್ಡಲಾಗಿ, ಅಂದರೆ ಬೆಳಕು ಪಕ್ಕದಿಂದ ಬೀಳುವಂತೆ ಹಾಕಿದರೆ ಪರದೆಯಲ್ಲಿ ಪ್ರತಿಫಲನವೂ ಇರುವುದಿಲ್ಲ, ಆ 20 ಅಡಿಯ ದೂರವೂ ಸಿಗುತ್ತದೆ.

ಹೆಚ್ಚಿನ ಮಾನಿಟರುಗಳ ಬೆನ್ನಿನಲ್ಲಿ ನಾಲ್ಕು ತೂತು ಇರುತ್ತವೆ, ನೋಡಿದ್ದೀರಾ? ಅವುಗಳ ಅಂತರ ಒಂದೋ 75 ಮಿ.ಮೀ., ಇಲ್ಲವೇ 100 ಮಿ.ಮೀ. ‘ವೆಸಾ’ ಎಂಬ ಸಂಘಟನೆ ಗೊತ್ತುಮಾಡಿದ ಅಳತೆ ಇದು. ಕಂಪನಿ ಯಾವುದಾದರೂ ಅಳತೆ ಅದೇ. ಸ್ಕ್ರೂ ಎಂ4. ಗಣಪತಿಯಲ್ಲಿ ಇರುವವರಿಗೆ ಇದು ತುಂಬ ಅನುಕೂಲದ ಸಂಗತಿ. ಒಂದು ಉಕ್ಕಿನ ತಗಡು, ಅದರಲ್ಲಿ 100 ಮಿ.ಮೀ. ಚೌಕಕ್ಕೆ 4.5 ಮಿ.ಮೀ.ಯ ನಾಲ್ಕು ತೂತು, ಹಿಂದಕ್ಕೆ ಒಂದು ಪೈಪು: ಯಾವ ವರ್ಕ್‌ಶಾಪಿನಲ್ಲಾದರೂ ಮಾಡಿಕೊಡಬಲ್ಲ ಕೆಲಸ. ಸ್ಕ್ರೂವಿನ ಉದ್ದದಲ್ಲಿ ಮಾತ್ರ ಜಾಗ್ರತೆ. ಉದ್ದ ಹೆಚ್ಚಾದರೆ ಒಳಗಿನ ಪ್ಯಾನೆಲ್ಲಿಗೆ ಒತ್ತಿ ಪರದೆಯೇ ಹಾಳಾಗುತ್ತದೆ. ತಗಡಿನ ದಪ್ಪ ಕಳೆದು ಒಳಗೆ ಎಷ್ಟು ಹೋಗುತ್ತದೆಂದು ಅಳೆದೇ ಬಿಗಿಯಿರಿ.

ಮೇಜಿನ ಅಂಚಿಗೆ ಕಚ್ಚುವ ಮಾನಿಟರ್ ಆರ್ಮ್ ಕೊಳ್ಳುವ ಮುನ್ನ ಮೇಜಿನ ಹಲಗೆ ಏನೆಂದು ನೋಡಿ. ಒತ್ತಿದ ಮರದಪುಡಿಯ ಹಲಗೆಯಾದರೆ ಕ್ಲಾಂಪಿನ ಕೆಳಗೂ ಮೇಲೂ ಪ್ಲೈವುಡ್ ತುಂಡು ಕೊಡಿ, ಇಲ್ಲದಿದ್ದರೆ ಭಾರಕ್ಕೆ ಹಲಗೆ ಕುಸಿಯುತ್ತದೆ. ಗಾಜಿನ ಮೇಜಿಗಂತೂ ಆರ್ಮ್ ಹಾಕಲೇಬೇಡಿ.

ಲೇತ್ ಶಾಪಿನ ಪಕ್ಕದ ಮನೆಯಲ್ಲಿ ಹಿಂದೆ ಮಾನಿಟರಿನ ಚಿತ್ರ ಅಲುಗಾಡುತ್ತಿದ್ದುದು ಏಕೆ? ಹಳೆಯ ಗಾಜಿನ ಮಾನಿಟರಿನಲ್ಲಿ ಚಿತ್ರ ಬರೆಯುತ್ತಿದ್ದದ್ದು ಎಲೆಕ್ಟ್ರಾನ್ ಕಿರಣ. ಹತ್ತಿರದ ದೊಡ್ಡ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರ ಅದನ್ನು ಎಳೆಯುತ್ತಿತ್ತು. ಎರಡು ಮಾನಿಟರನ್ನು ತೀರಾ ಒತ್ತಾಗಿ ಇಟ್ಟರೆ ಅವೇ ಒಂದನ್ನೊಂದು ಅಲುಗಾಡಿಸುತ್ತಿದ್ದವು! ಎಲ್‌ಸಿಡಿಗೆ ಈ ಕಾಟವಿಲ್ಲ.

ಈಗಿನ ಹೆಚ್ಚಿನ ಮಾನಿಟರುಗಳು 100ರಿಂದ 240 ವೋಲ್ಟ್ ವರೆಗೆ ಏನು ಕೊಟ್ಟರೂ ನಡೆಯುತ್ತವೆ. ಬೆನ್ನಿನ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಅದಕ್ಕೆ ಬೇರೆ ಸ್ಟೆಬಿಲೈಸರ್ ಬೇಕಿಲ್ಲ.

ಮಾನಿಟರಿನ ಲೋಹದ ಭಾಗ ಮುಟ್ಟಿದಾಗ ಜುಮ್ಮೆನ್ನುತ್ತದೆಯೇ? ಮನೆಯ ಅರ್ತಿಂಗ್ ಸರಿಯಿಲ್ಲ ಎಂದು ತಿಳಿಯಿರಿ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಭೂಮಿಗೆ ಹೋಗಬೇಕಾದ ಸಣ್ಣ ಸೋರಿಕೆಗೆ ದಾರಿ ಸಿಗದೆ ಮಾನಿಟರಿನ ಮೈಯನ್ನು ಅರ್ಧ ವೋಲ್ಟೇಜಿಗೆ, ಅಂದರೆ ಸುಮಾರು 115 ವೋಲ್ಟಿಗೆ ಏರಿಸುತ್ತವೆ. ಕರೆಂಟು ಅತ್ಯಲ್ಪವಾದ್ದರಿಂದ ಜುಮ್ಮೆನ್ನುವುದಷ್ಟೇ. ಆದರೆ ಹಾಗಿರುವಾಗ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಆ ವೋಲ್ಟೇಜು ಪೋರ್ಟಿನ ಮೂಲಕ ಹರಿದು ಗ್ರಾಫಿಕ್ಸ್ ಕಾರ್ಡೇ ಸುಡಬಹುದು. ಎರಡು ಮಾನಿಟರ್, ಸಿಪಿಯು ಎಲ್ಲವನ್ನೂ ಮೂರು ಪಿನ್ನಿನ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಕೇಬಲ್ ಜೋಡಿಸಿದ ಮೇಲೆ ಸ್ವಿಚ್ಚು ಒತ್ತಿ. ಮೂರನೆಯ ಪಿನ್ ಮುರಿದು ಹಾಕುವ ಅಭ್ಯಾಸ ಬಿಡಲೇಬೇಕು. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸುವುದು ಎರಡನೆಯ ಮಾನಿಟರಿಗಿಂತ ಮೊದಲ ಖರ್ಚಾಗಲಿ.

ಕರೆಂಟ್ ಬಿಲ್ ಏರುತ್ತದೆಂಬ ಭಯವೇ? 24 ಇಂಚಿನ ಒಂದು ಎಲ್‌ಇಡಿ ಮಾನಿಟರ್ ಸುಮಾರು 20 ವ್ಯಾಟ್. ಎರಡನ್ನು ದಿನಕ್ಕೆ 9 ಗಂಟೆಯಂತೆ 50 ಕೆಲಸದ ದಿನ ಉರಿಸಿದರೆ 18 ಯೂನಿಟ್. ತಮಿಳುನಾಡಿನಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ. 2016ರಲ್ಲಿ ಮನೆಗಳಿಗೆ ಮೊದಲ 100 ಯೂನಿಟ್ ಉಚಿತವಾಯಿತು. ಹಳೆಯ 17 ಇಂಚಿನ ಗಾಜಿನ ಮಾನಿಟರ್ ಒಂದೇ 80 ವ್ಯಾಟಿನ ಆಸುಪಾಸು ತಿನ್ನುತ್ತಿತ್ತು.

ಕೊಯಮತ್ತೂರಿನಲ್ಲಿ ಇಬಿಯವರು, ಅಂದರೆ ವಿದ್ಯುತ್ ಮಂಡಳಿಯವರು, ದುರಸ್ತಿಗೆಂದು ಬಡಾವಣೆಗೊಂದು ದಿನ ಹಗಲೆಲ್ಲ ಕರೆಂಟು ತೆಗೆಯುತ್ತಾರೆ, ಪತ್ರಿಕೆಯಲ್ಲಿ ಮುಂಚೆಯೇ ಬರುತ್ತದೆ. ಆ ದಿನಕ್ಕೆ ಸಣ್ಣ ಯುಪಿಎಸ್ ಸಾಲದು. ಅದಿರುವುದು ಕೆಲಸ ಉಳಿಸಿಕೊಂಡು ಸಿಸ್ಟಂ ಆಫ್ ಮಾಡುವುದಕ್ಕೆ. ಹಾಗಿದ್ದಮೇಲೆ ಎರಡನೆಯ ಮಾನಿಟರನ್ನು ಯುಪಿಎಸ್ಸಿಗೆ ಹಾಕಬೇಡಿ; ಯುಪಿಎಸ್ ಚುಚ್ಚಿರುವ ಎಕ್ಸ್‌ಟೆನ್ಶನ್ ಬೋರ್ಡಿಗೇ ನೇರವಾಗಿ ಹಾಕಿ. ಉಳಿದ ಬ್ಯಾಟರಿ ಸಿಪಿಯುವಿಗೆ, ಮೊದಲ ಮಾನಿಟರಿಗೆ ಇರಲಿ. ಐಪ್ಪಸಿ ಎಂಬ ತಮಿಳು ಮಾಸದ ಮಳೆಯ ಸಿಡಿಲಿಗೆ ಪ್ಲಗ್ಗಿನ ಜೊತೆ ಇಂಟರ್‌ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕಳಚಿ.

ಅಂಗಡಿಯಲ್ಲಿ ಸಿಗುವ ಎಚ್‌ಡಿಎಂಐ ಸ್ಪ್ಲಿಟರ್ ಎರಡು ಪರದೆಯಲ್ಲೂ ಒಂದೇ ಚಿತ್ರ ತೋರಿಸುತ್ತದೆ. ಬೇರೆ ಬೇರೆ ಚಿತ್ರ ಬೇಕೆಂದರೆ ಕಂಪ್ಯೂಟರಿನಲ್ಲೇ ಎರಡು ಪೋರ್ಟ್ ಬೇಕು, ಅಥವಾ ಡಿಸ್‌ಪ್ಲೇಪೋರ್ಟ್ 1.2ರಿಂದ ಬಂದ ಸರಪಣಿ ಜೋಡಣೆ ಬೇಕು: ಮೊದಲ ಮಾನಿಟರಿನಿಂದಲೇ ಎರಡನೆಯದಕ್ಕೆ ಕೇಬಲ್. ಆಪಲ್‌ನ ಮ್ಯಾಕ್‌ಗಳಲ್ಲಿ ಈ ಸರಪಣಿ ಎರಡು ಬೇರೆ ಚಿತ್ರ ಕೊಡುವುದಿಲ್ಲ. 2020ರ ಎಂ1 ಮ್ಯಾಕ್‌ಬುಕ್ ಏರ್‌ಗಂತೂ ನೇರವಾಗಿ ಒಂದೇ ಹೊರ ಮಾನಿಟರ್.

ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪಿನಲ್ಲಿ ಎರಡು ಕೇಬಲ್ಲೂ ಆ ಕಾರ್ಡಿಗೇ ಹೋಗಲಿ. ಮದರ್‌ಬೋರ್ಡಿನ ಪೋರ್ಟಿಗೆ ಚುಚ್ಚಿ ಪರದೆ ಕಪ್ಪಗಿದೆ ಎಂದು ಮಾನಿಟರನ್ನೇ ಹಿಂದಿರುಗಿಸಿದವರಿದ್ದಾರೆ.

ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿದರೆ ಪರದೆಗಳನ್ನು ವಿಸ್ತರಿಸುವ ಆಯ್ಕೆ ಬರುತ್ತದೆ. ವಿಂಡೋಸ್, ಶಿಫ್ಟ್, ಬಾಣದ ಕೀ ಒಟ್ಟಿಗೆ ಒತ್ತಿದರೆ ತೆರೆದ ಕಿಟಕಿ ಪಕ್ಕದ ಮಾನಿಟರಿಗೆ ಜಿಗಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡು ಪರದೆಯ ಚೌಕಗಳನ್ನು ಮೇಜಿನ ಮೇಲೆ ಇರುವ ಹಾಗೆಯೇ ಎಳೆದು ಕೂರಿಸಿ, ಇಲ್ಲದಿದ್ದರೆ ಮೌಸ್ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಎರಡು ಬೇರೆ ಕಂಪನಿಯ ಪರದೆಗಳ ಬಿಳಿ ಬಣ್ಣ ಹೊಂದುವುದಿಲ್ಲವೇ? ಎರಡರ ಮೆನುವಿನಲ್ಲೂ ಬಣ್ಣದ ಉಷ್ಣತೆಯನ್ನು 6500ಕ್ಕೆ ಇಡಿ. ಖಾಲಿ ಬಿಳಿ ಪುಟ ಎರಡರಲ್ಲೂ ತೆರೆದು, ಹೆಚ್ಚು ಪ್ರಕಾಶದ್ದನ್ನು ಕಡಿಮೆಯದರ ಮಟ್ಟಕ್ಕೆ ಇಳಿಸಿ.

ಮೂರನೆಯ ಮಾನಿಟರ್? ಷೇರು ವಹಿವಾಟು, ವಿಡಿಯೋ ಸಂಕಲನದವರನ್ನು ಬಿಟ್ಟರೆ ನನ್ನ ಮಟ್ಟಿಗೆ ಅದು ಬೇಕಿಲ್ಲ. ಆ ಹಣಕ್ಕೆ ಒಳ್ಳೆಯ ಕುರ್ಚಿ ಬರುತ್ತದೆ.

ಎರಡನೆಯದನ್ನು ಹೊಸದಾಗಿ ಕೊಳ್ಳುವ ಮುನ್ನ ಅಟ್ಟದ ಮೇಲೆ ಹಳೆಯ 19 ಇಂಚಿನ ಚೌಕ ಎಲ್‌ಸಿಡಿ ಇದೆಯೇ ನೋಡಿ, 1280ಕ್ಕೆ 1024 ಪಿಕ್ಸೆಲ್ಲಿನದು. ಅದರ ಪರದೆಯ ಎತ್ತರ 30 ಸೆಂ.ಮೀ., ಹೊಸ 24 ಇಂಚಿನದೂ 30 ಸೆಂ.ಮೀ. ಹಳೆಯದಕ್ಕೆ ಇಂಚಿಗೆ 86 ಚುಕ್ಕಿ, ಹೊಸದಕ್ಕೆ 92. ಅಕ್ಷರದ ಗಾತ್ರವೂ ಬಹುತೇಕ ಒಂದೇ. ಎರಡು ಪರದೆ ಸೇರಿ ಅಗಲ 91 ಸೆಂ.ಮೀ., ಅಂಚು ಸೇರಿಸಿದರೂ ಮೂರೂವರೆ ಅಡಿಯ ಮೇಜು ಸಾಕು. ಡ್ರಾಯಿಂಗ್ ಅಗಲದ್ದರಲ್ಲಿ, ಪತ್ರ ಚೌಕದ್ದರಲ್ಲಿ. ಇದರ ಹಿಂದೆ ಇರುವುದು 1987ರ ಕಾಲದ 15 ಪಿನ್ನಿನ ವಿಜಿಎ ಪೋರ್ಟ್ ಮಾತ್ರ ಆಗಿದ್ದರೆ ‘ಎಚ್‌ಡಿಎಂಐನಿಂದ ವಿಜಿಎಗೆ’ ಎಂದು ಬರೆದ ಅಡಾಪ್ಟರ್ ಕೇಳಿ. ತದ್ವಿರುದ್ಧದ್ದು ಕೆಲಸ ಮಾಡುವುದಿಲ್ಲ. ಪರದೆ ಕೆಂಪಗೆ, ಮಂಕಾಗಿ ಹತ್ತಿಕೊಂಡರೆ ಒಳಗಿನ ಟ್ಯೂಬ್ ದೀಪ ಸವೆದಿದೆ ಎಂದರ್ಥ. ಆ ದೀಪಗಳಲ್ಲಿ ಪಾದರಸ ಇರುತ್ತದೆ, ಒಡೆಯಬೇಡಿ, ಗುಜರಿಗೂ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.